ಸಂಡೇ ಸ್ಕೂಲ್‌ನ ಪುಟ್ಟ ಮಕ್ಕಳ ಕ್ಲಾಸ್ ನೀನೇ ತಗೋ ಅಂತಿದ್ದಾರೆ. ಒಪ್ಪಿಕೊಳ್ಳಲಾ?

ಹೊಸ ಟೀಚರ್, ಕಲಬುರಗಿ

ಎಲ್ಲರಿಗೂ ವಂದನೆಗಳು. ನಮ್ಮ ಚರ್ಚಿನ ಸಂಡೇ ಸ್ಕೂಲ್‌ನಲ್ಲಿ ನಾಲ್ಕರಿಂದ ಏಳು ವರ್ಷದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಅಕ್ಕ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದರು. ಜೂನ್‌ನಿಂದ ಆ ಕ್ಲಾಸ್ ನೀನೇ ತಗೋಬೇಕು ಅಂತ ಪಾಸ್ಟರಮ್ಮ ಕೇಳಿದ್ದಾರೆ. ನಾನು ಡಿಗ್ರಿ ಮುಗಿಸಿ ಎಸ್‌ಡಿಎ ಪರೀಕ್ಷೆಗೆ ಓದುತ್ತಿದ್ದೇನೆ. ಮಕ್ಕಳು ಅಂದರೆ ಇಷ್ಟ. ಆದರೆ ಪಾಠ ಮಾಡಿ ಗೊತ್ತಿಲ್ಲ.

ಇಪ್ಪತ್ತು ಮಕ್ಕಳಾದರೂ ಬರುತ್ತಾರೆ. ಕೆಲವರು ಇಂಗ್ಲಿಷ್ ಮೀಡಿಯಂ, ಕೆಲವರು ಸರ್ಕಾರಿ ಶಾಲೆ, ಕೆಲವರು ಇನ್ನೂ ಅಂಗನವಾಡಿ. ಮನೆಯಲ್ಲಿ ಆಡುವ ಮಾತೂ ಬೇರೆ ಬೇರೆ. ಕನ್ನಡದವರು ಜಾಸ್ತಿ, ತೆಲುಗು ಮತ್ತು ದಖನಿ ಮಾತಾಡುವವರೂ ಇದ್ದಾರೆ. ಕ್ಲಾಸ್ ನಡೆಯೋದು ಚರ್ಚಿನ ಹಿಂದಿನ ರೂಮಿನಲ್ಲಿ. ಒಂದೇ ಫ್ಯಾನು. ಪುಸ್ತಕ ಅಂತ ಏನೂ ಇಲ್ಲ, ಹಳೇ ಚಾರ್ಟುಗಳಿವೆ.

ಒಪ್ಪಿಕೊಂಡರೆ ಮೊದಲ ರವಿವಾರ ಏನು ಮಾಡಲಿ? ಬೇಡ ಅಂದರೆ ಪಾಸ್ಟರಮ್ಮ ಬೇಜಾರು ಮಾಡ್ಕೋತಾರೆ ಅನ್ನೋದೂ ತಲೆಯಲ್ಲಿದೆ.

ಗಿಟಾರ್ ಹುಡುಗ, ಶಹಾಪುರ

ಒಪ್ಪಿಕೊಳ್ಳಿ ಅಕ್ಕಾ. ದೇವರು ನೋಡ್ಕೋತಾನೆ.

ಮಂಗಲಪೇಟೆ ಆಂಟಿ, ಬೀದರ್

ದೇವರು ನೋಡ್ಕೋತಾನೆ, ನಿಜ ತಮ್ಮಾ. ಕಥೆ ಮಧ್ಯದಲ್ಲಿ ಒಂದು ಮಗು ಒಂದಕ್ಕೆ ಅಂತ ಎದ್ದರೆ ಕರ್ಕೊಂಡು ಹೋಗೋದು ಯಾರು?

ತಂಗೀ, ನಾನು ಪುಟ್ಟ ಮಕ್ಕಳ ಕ್ಲಾಸ್‌ನಲ್ಲೇ ಬಹಳ ವರ್ಷ ಕಳೆದವಳು. ಹೂಂ ಅನ್ನೋ ಮೊದಲು ಪಾಸ್ಟರಮ್ಮನ ಜೊತೆ ಕೂತು ಮಾತಾಡು. ನಿನ್ನ ಜೊತೆ ಇನ್ನೊಬ್ಬರು ದೊಡ್ಡವರು ಪ್ರತಿ ವಾರ ಇರುತ್ತಾರಾ? ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಒಬ್ಬಳೇ ಇಪ್ಪತ್ತು ಮಕ್ಕಳನ್ನು ಹಿಡಿಯೋಕೆ ಆಗಲ್ಲ. ಒಬ್ಬಳು ಟಾಯ್ಲೆಟ್‌ಗೆ ಹೋದ ಮಗುವಿನ ಹಿಂದೆ ಹೋದರೆ ಹತ್ತೊಂಬತ್ತು ಮಕ್ಕಳು ರೂಮಿನಲ್ಲಿ ತಾವೇ ರಾಜರು. ಹಾಡಿಸೋಕೆ ಬಾರದಿದ್ದರೂ ಪರವಾಗಿಲ್ಲ, ಒಬ್ಬ ತಾಯಿ ಸುಮ್ನೆ ಬಾಗಿಲ ಹತ್ತಿರ ಕೂತರೂ ಸಾಕು.

ಆಮೇಲೆ, ಎಷ್ಟು ದಿನ ಅನ್ನೋದು. ನಮ್ಮ ಚರ್ಚುಗಳಲ್ಲಿ ಒಂದು ಕೆಲಸ ಒಪ್ಪಿಕೊಂಡವರನ್ನು ಯಾರೂ ಬಿಡಿಸಲ್ಲ. ಮದುವೆಯಾಗಿ ಊರು ಬಿಟ್ಟರೆ ಮಾತ್ರ ಬಿಡುಗಡೆ, ನಿಮ್ಮ ಅಕ್ಕನ ಹಾಗೆ! ಈಗಲೇ ಹೇಳಿಬಿಡು, ಜೂನ್‌ನಿಂದ ಕ್ರಿಸ್‌ಮಸ್‌ವರೆಗೆ ನೋಡ್ತೀನಿ, ಆಮೇಲೆ ಮತ್ತೆ ಮಾತಾಡೋಣ ಅಂತ. ಪರೀಕ್ಷೆಯ ದಿನಾಂಕ ಬಂದರೆ ಯಾರು ನೋಡ್ಕೋತಾರೆ ಅನ್ನೋದನ್ನೂ ಹೇಳಿಸಿಕೋ.

ಕ್ಲಾಸು ಆರಾಧನೆಯ ಹೊತ್ತಿನಲ್ಲೋ, ಅದಕ್ಕೆ ಮೊದಲೋ? ಆರಾಧನೆ ಹೊತ್ತಿನಲ್ಲಿ ಆದರೆ ನೀನು ಪಾಸ್ಟರ್ ಮಾಡುವ ಪ್ರಸಂಗ ಕೇಳೋದು ಅಪರೂಪ ಆಗುತ್ತದೆ. ಎಷ್ಟೋ ಟೀಚರುಗಳು ಒಳಗೇ ಒಣಗಿ ಹೋಗೋದು ಇದರಿಂದ. ವಾರ ಬಿಟ್ಟು ವಾರ ಇಬ್ಬರು ಹಂಚಿಕೊಂಡರೆ ಚೆಂದ. ಆದರೆ ಇಬ್ಬರ ಮುಖವೂ ಮಕ್ಕಳಿಗೆ ಪರಿಚಯ ಇರಲಿ. ಪ್ರತಿ ವಾರ ಹೊಸ ಮುಖ ಬಂದರೆ ನಾಲ್ಕು ವರ್ಷದವರು ಅಮ್ಮನ ಸೆರಗು ಬಿಡಲ್ಲ.

ಇಷ್ಟಕ್ಕೆ ಪಾಸ್ಟರಮ್ಮ ಬೇಜಾರು ಮಾಡ್ಕೊಂಡರೆ ಮಾಡ್ಕೊಳ್ಳಲಿ ಬಿಡು.

ಅಂಗನವಾಡಿ ಟೀಚರ್, ಹುಮನಾಬಾದ್

ಆಂಟಿ ಹೇಳಿದ್ದು ನೂರಕ್ಕೆ ನೂರು. ನಾನು ಕ್ಲಾಸ್ ಒಳಗಿನ ಮಾತು ಹೇಳ್ತೀನಿ. ನಮ್ಮಲ್ಲಿ ಬರೋರು ಮೂರರಿಂದ ಆರು ವರ್ಷದವರು. ಈ ವಯಸ್ಸಿಗೆ ಕಥೆ ಅಂದರೆ ಐದು ನಿಮಿಷ, ಹೆಚ್ಚಂದರೆ ಏಳು. ಚಿಕ್ಕ ಮಕ್ಕಳಿಗೆ ನಲವತ್ತು ನಿಮಿಷ ಬೋಧನೆ ಮಾಡೋದನ್ನು ಚರ್ಚುಗಳಲ್ಲಿ ನೋಡಿದ್ದೇನೆ. ಮಕ್ಕಳು ಗಲಾಟೆ ಮಾಡ್ತಾರೆ, ಟೀಚರ್ ಬೈತಾರೆ. ತಪ್ಪು ಮಕ್ಕಳದ್ದಲ್ಲ.

ಪ್ರತಿ ವಾರ ಒಂದೇ ಕ್ರಮ ಇಟ್ಟುಕೊಳ್ಳಿ. ಬಂದ ತಕ್ಷಣ ಕೈಗೆ ಏನಾದರೂ ಕೆಲಸ ಕೊಡಿ, ಬಣ್ಣ ಹಚ್ಚೋದೋ ಮಣ್ಣಿನ ಉಂಡೆ ಮಾಡೋದೋ. ನಮ್ಮ ಕಡೆ ಎರೆ ಮಣ್ಣಿಗೇನು ಕೊರತೆ? ನೆನೆಸಿ ನಾದಿದರೆ ಕುರಿ, ದೋಣಿ, ಮೀನು ಎಲ್ಲ ಆಗುತ್ತದೆ. ಎಲ್ಲರೂ ಸೇರಿದ ಮೇಲೆ ಎದ್ದು ನಿಂತು ಕೈ ಕಾಲು ಆಡಿಸುವ ಹಾಡು. ಮೈ ಸಡಿಲ ಆದ ಮೇಲೇ ಕಥೆ. ಕಥೆ ಮುಗಿದ ಕೂಡಲೇ ಅದನ್ನೇ ಆಟ ಆಡಿಸಿ. ಯೇಸುವನ್ನು ನೋಡೋಕೆ ಮರ ಹತ್ತಿದ ಜಕ್ಕಾಯನ ಕಥೆ ಅಂದುಕೊಳ್ಳಿ, ಒಬ್ಬ ಜಕ್ಕಾಯ, ಒಬ್ಬ ಮರ, ಉಳಿದವರೆಲ್ಲ ಗುಂಪು. ಮರ ಆಗೋಕೆ ಜಗಳ ಆಡ್ತಾರೆ, ನೋಡ್ತಾ ಇರಿ. ಕೊನೆಗೆ ಒಂದು ಸಾಲಿನ ಪ್ರಾರ್ಥನೆ, ಅದೂ ಮಕ್ಕಳ ಬಾಯಲ್ಲೇ. ಒಬ್ಬ ಹುಡುಗ ಅವರ ಮನೆ ಎಮ್ಮೆಯ ಕಾಲು ನೋವಿಗೆ ಪ್ರಾರ್ಥನೆ ಮಾಡಿದರೆ ನಗಬೇಡಿ.

ಇನ್ನೊಂದು. ಎಂಟೊಂಬತ್ತು ವರ್ಷದ ಹುಡುಗಿ ಎರಡು ವರ್ಷದ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ಬರುತ್ತಾಳೆ. ಇದು ಸಣ್ಣವರ ಕ್ಲಾಸಲ್ಲ, ಅವನನ್ನು ಮನೆಗೆ ಬಿಟ್ಟು ಬಾ ಅಂದರೆ ಇಬ್ಬರೂ ವಾಪಸ್ ಬರಲ್ಲ. ಒಂದು ಮೂಲೆಯಲ್ಲಿ ಚಾಪೆ ಹಾಸಿ ಬಿಡಿ.

ನಲಿ-ಕಲಿ ಮಾಸ್ತರ, ಸೇಡಂ

ವಯಸ್ಸು ಬೇರೆ ಬೇರೆ ಅಂತ ಹೆದರಬೇಡಿ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ನಡೆಯೋದೇ ಹೀಗೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು. ಚಿಕ್ಕ ತರಗತಿಗಳವರು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ, ಬಲ್ಲವರು ಬಾರದವರಿಗೆ ಹೇಳಿಕೊಡುತ್ತಾರೆ. ಏಳು ವರ್ಷದವರನ್ನೆಲ್ಲ ಒಂದು ಕಡೆ, ನಾಲ್ಕು ವರ್ಷದವರನ್ನು ಇನ್ನೊಂದು ಕಡೆ ಮಾಡಬೇಡಿ. ಪ್ರತಿ ಗುಂಪಿನಲ್ಲೂ ಇಬ್ಬರು ದೊಡ್ಡವರು ಇರಲಿ. ಚಿಕ್ಕವರ ಕಡೆ ಬಣ್ಣದ ಪೆನ್ಸಿಲ್ ಹಂಚೋದು, ಹಾಳೆ ಎತ್ತಿಡೋದು ಅವರ ಕೆಲಸ. ಕೆಲಸ ಕೊಟ್ಟರೆ ತುಂಟರೇ ಮೊದಲು ಸುಮ್ಮನಾಗೋದು.

ಭೀಮಾ ದಂಡೆ, ಯಾದಗಿರಿ

ನಾನು ಹಳ್ಳಿ ಚರ್ಚಿನವನು, ನಮ್ಮಲ್ಲಿ ಹಿಂದಿನ ರೂಮೂ ಇಲ್ಲ, ಬೇವಿನ ಮರದ ಕೆಳಗೆ ಕ್ಲಾಸ್. ಎರಡು ಮಾತು.

ಸರದಿಯಂತೆ ಎದ್ದು ಓದಿ ಅಂತ ಮಕ್ಕಳಿಗೆ ಹೇಳಬೇಡಿ. ಏಳು ವರ್ಷ ಆದರೂ ಅಕ್ಷರ ಕೂಡಿಸೋಕೆ ಬಾರದವರು ನಮ್ಮಲ್ಲಿದ್ದಾರೆ. ಹತ್ತಿ ಬಿಡಿಸುವ ಕಾಲ ಬಂದರೆ ಶಾಲೆ ತಪ್ಪುತ್ತದೆ. ಅಂಥ ಮಗುವನ್ನು ನಿಲ್ಲಿಸಿ ಓದಿಸಿದರೆ ಮುಂದಿನ ರವಿವಾರ ಬರಲ್ಲ. ಒಂದು ವಿಷಯ ಗೊತ್ತಾ? 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಸಂಡೇ ಸ್ಕೂಲ್ ಶುರು ಮಾಡಿದ್ದೇ ಇಂಥ ಮಕ್ಕಳಿಗೆ. ಅಲ್ಲಿ ಗುಂಡುಪಿನ್ನು ತಯಾರಿಸುವ ಕಾರ್ಖಾನೆಗಳಿದ್ದವು. ವಾರದಲ್ಲಿ ಆರು ದಿನ ದುಡಿಯುವ ಮಕ್ಕಳಿಗೆ ರವಿವಾರ ಒಂದೇ ಬಿಡುವು. ಅವತ್ತು ಓದು ಬರಹ ಕಲಿಸುತ್ತಿದ್ದರು. ನಮ್ಮ ಮಕ್ಕಳ ಕಥೆಯೂ ಅದಕ್ಕಿಂತ ಬಹಳ ದೂರ ಇಲ್ಲ.

ಎರಡನೇದು ಹಾಜರಿ ಬಹುಮಾನ. ನನಗೆ ಇದರ ಮೇಲೆ ಸಿಟ್ಟು. ಕ್ರಿಸ್‌ಮಸ್‌ ದಿನ ಜಾಸ್ತಿ ಹಾಜರಿ ಇದ್ದವರಿಗೆ ಟಿಫಿನ್ ಡಬ್ಬಿ, ಕಂಪಾಸ್ ಬಾಕ್ಸ್ ಕೊಡ್ತಾರೆ. ಯಾರಿಗೆ ಸಿಗುತ್ತದೆ? ಚರ್ಚಿನ ಪಕ್ಕದ ಮನೆಯವರಿಗೆ, ಅಪ್ಪನಿಗೆ ಸಂಬಳ ಇರುವವರಿಗೆ. ದಸರಾ ಮುಗಿದ ಮೇಲೆ ಬೆಂಗಳೂರು, ಮುಂಬೈ, ಹೈದರಾಬಾದ್ ಅಂತ ಅಪ್ಪ-ಅಮ್ಮನ ಜೊತೆ ಕೆಲಸಕ್ಕೆ ಹೋಗುವ ಮಕ್ಕಳಿಗೆ ಯಾವತ್ತೂ ಇಲ್ಲ. ಅವರು ಊರಿಗೆ ಬಂದಾಗ ರಿಜಿಸ್ಟರ್‌ನಲ್ಲಿ ಹೆಸರೇ ಹೊಡೆದಿರುತ್ತದೆ. ನಾನು ಹೆಸರು ಹೊಡೆಯಲ್ಲ. ವಾಪಸ್ ಬಂದವರಿಗೆ ಅದೇ ಜಾಗ, ಅದೇ ಗುಂಪು.

ಕೆಟೆಕಿಸಂ ಸರ್, ಬೀದರ್

ಸರ್, ನಿಮ್ಮ ಸಿಟ್ಟು ಒಪ್ಪುತ್ತೇನೆ. ಆದರೆ ಬಹುಮಾನವೇ ಬೇಡ ಅನ್ನೋದು ಅತಿ ಆಯಿತು. ಎಲ್ಲರಿಗೂ ಒಂದೇ ಥರದ ಪೆನ್ಸಿಲ್ ಕೊಟ್ಟರೂ ಮಕ್ಕಳಿಗೆ ಖುಷಿ.

ನಾವು ಕ್ಯಾಥೊಲಿಕರು. ನಮ್ಮಲ್ಲಿ ಬಲಿಪೂಜೆ, ಅಂದರೆ ಆರಾಧನೆ, ಆದ ಮೇಲೆ ಧರ್ಮೋಪದೇಶದ ಕ್ಲಾಸ್. ಮೊದಲ ಪರಮಪ್ರಸಾದಕ್ಕೆ, ಅಂದರೆ ಪೂಜೆಯ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸೋಕೆ, ತಯಾರಾಗುವ ಮಕ್ಕಳಿಗೆ ಪರಲೋಕ ಮಂತ್ರ, ನಮೋ ಮರಿಯಾ ಪ್ರಾರ್ಥನೆಗಳು ಬಾಯಿಪಾಠ ಬರಲೇಬೇಕು. ಈಗಿನವರು ಬಾಯಿಪಾಠ ಅಂದರೆ ಮೂಗು ಮುರೀತಾರೆ. ನಾಲ್ಕು ವರ್ಷದವರಿಗೆ ಉದ್ದ ವಾಕ್ಯ ಬೇಡ, ನಾನೂ ಒಪ್ತೀನಿ. ಆದರೆ ಆ ವಯಸ್ಸಿನಲ್ಲಿ ರಾಗದಲ್ಲಿ ಕಲಿತದ್ದು ಮುದುಕರಾದರೂ ಮರೆಯಲ್ಲ. ಒಂದು ತಿಂಗಳಿಗೆ ಒಂದು ಚಿಕ್ಕ ಸಾಲು, ನಾಲ್ಕು ವಾರ ಅದನ್ನೇ ಹೇಳಿಸಿ. ವಾರಕ್ಕೊಂದು ಬೇಡ.

ಎರಡು ಮಕ್ಕಳ ಅಮ್ಮ, ಕಲಬುರಗಿ

ನಾನು ಟೀಚರ್ ಅಲ್ಲ, ಮಗುವನ್ನು ಕಳಿಸುವವಳು. ಒಂದು ವಿಷಯ ಹೇಳಲೇಬೇಕು.

ನನ್ನ ಮಗಳಿಗೆ ಆಗ ಐದು ವರ್ಷ. ಒಂದು ರವಿವಾರ ಸಂಡೇ ಸ್ಕೂಲ್‌ನಿಂದ ಬಂದವಳು ಅವತ್ತು ಅಪ್ಪನ ಹತ್ತಿರ ಹೋಗಲೇ ಇಲ್ಲ. ಅಪ್ಪ ಈಳಿಗೆ ಎತ್ತಿಟ್ಟರೆ ಅಳು. ರಾತ್ರಿ ಮೆಲ್ಲಗೆ ಕೇಳಿದಾಗ ಗೊತ್ತಾಯಿತು, ದೇವರು ಹೇಳಿದ ಅಂತ ಅಬ್ರಹಾಮ ತನ್ನ ಮಗ ಇಸಾಕನನ್ನು ಬಲಿ ಕೊಡೋಕೆ ಬೆಟ್ಟಕ್ಕೆ ಕರೆದೊಯ್ದ ಕಥೆ ಹೇಳಿದ್ದಾರೆ. ಸುಮ್ನೆ ಹೇಳಿಲ್ಲ, ಸ್ಕೇಲನ್ನು ಕತ್ತಿ ಮಾಡಿಕೊಂಡು ಒಬ್ಬ ಹುಡುಗನನ್ನು ಬೆಂಚಿನ ಮೇಲೆ ಮಲಗಿಸಿ ತೋರಿಸಿದ್ದಾರೆ. ಮಗಳು ಕೇಳಿದ ಪ್ರಶ್ನೆ, ದೇವರು ಅಪ್ಪನಿಗೂ ಹಾಗೆ ಹೇಳ್ತಾನಾ ಅಂತ.

ಕೊನೆಗೆ ಹುಡುಗನ ಬದಲು ಬಲಿಗೆ ಟಗರು ಸಿಕ್ಕಿದ್ದು, ಹುಡುಗ ಬದುಕಿದ್ದು ಅವಳಿಗೆ ನೆನಪೇ ಇಲ್ಲ. ಕತ್ತಿ ಮಾತ್ರ ನೆನಪು. ಹೋಗಿ ಹೇಳಿದರೆ, ಸತ್ಯವೇದದಲ್ಲಿ (ಬೈಬಲ್‌ನಲ್ಲಿ) ಇರೋದನ್ನೇ ಹೇಳಿದ್ದೀವಲ್ಲಾ ಅಂದರು.

ಸಭೆಯ ಹಿರಿಯ, ಭಾಲ್ಕಿ

ಅಮ್ಮಾ, ನಿಮ್ಮ ಮಗಳಿಗೆ ಆದದ್ದು ಕೇಳಿ ಬೇಸರವಾಯಿತು. ಸ್ಕೇಲು, ಬೆಂಚು ಬೇಕಿರಲಿಲ್ಲ. ಆದರೂ ಕೇಳುತ್ತೇನೆ, ಕಷ್ಟದ ಕಥೆಯನ್ನೆಲ್ಲ ಬಿಟ್ಟರೆ ಉಳಿಯೋದೇನು? ಕುರಿಮರಿ, ಕಾಮನಬಿಲ್ಲು ಅಷ್ಟೇನಾ? ನಮ್ಮನ್ನು ಹಿರಿಯರು ಇದೇ ಕಥೆ ಹೇಳಿ ಬೆಳೆಸಿದರು. ನಾವೇನು ಹಾಳಾದೆವಾ?

ಮಂಗಲಪೇಟೆ ಆಂಟಿ, ಬೀದರ್

ಅಣ್ಣಾ, ಬಿಡಿ ಅಂತ ಯಾರೂ ಹೇಳ್ತಿಲ್ಲ. ಹತ್ತು ಹನ್ನೆರಡು ವರ್ಷಕ್ಕೆ ಹೇಳಿ, ಪ್ರಶ್ನೆ ಕೇಳೋಕೆ ಬಿಡಿ. ಐದು ವರ್ಷದ ಮಗು ಕಥೆಯಲ್ಲಿ ತನ್ನನ್ನೇ ಇಟ್ಟುಕೊಂಡು ಕೇಳುತ್ತದೆ. ದೊಡ್ಡವರು ಅಬ್ರಹಾಮನ ನಂಬಿಕೆ ನೋಡ್ತೀವಿ. ಮಗು ಮಲಗಿದ ಹುಡುಗನನ್ನು ನೋಡುತ್ತದೆ.

ನಾನು ಈ ಕ್ಲಾಸಿಗೆ ಇಟ್ಟುಕೊಂಡಿರುವ ಲೆಕ್ಕ ಇಷ್ಟು. ಅಪ್ಪ-ಅಮ್ಮನಿಂದ ಮಗುವಿಗೆ ಅಪಾಯ ಇರುವ ಕಥೆ ಬೇಡ. ಕೊಲೆಯೇ ನಡುಮಧ್ಯ ಇರುವ ಕಥೆ ಬೇಡ, ಅಣ್ಣ ತಮ್ಮನನ್ನು ಕೊಂದ ಕಾಯಿನ-ಹೇಬೆಲರದ್ದು ಅದಕ್ಕೇ ಹೇಳಲ್ಲ. ಪ್ರಳಯದಲ್ಲಿ ದೋಣಿ ಹತ್ತಿ ಪಾರಾದ ನೋಹನ ಕಥೆ ಎಲ್ಲರೂ ಸುಲಭ ಅಂದುಕೊಳ್ಳುತ್ತಾರೆ. ಜಿರಾಫೆ, ಆನೆ ಚಿತ್ರ ಇರುತ್ತದಲ್ಲ. ದೋಣಿಯಲ್ಲಿ ಇಲ್ಲದವರು ಏನಾದರು ಅಂತ ಒಂದು ಮಗು ಕೇಳಿಯೇ ಕೇಳುತ್ತದೆ. ಸುಳ್ಳು ಹೇಳಬೇಡಿ. ಅವರು ಸತ್ತರು, ಅದು ದುಃಖದ ವಿಷಯ ಅಂತ ಚಿಕ್ಕದಾಗಿ ಹೇಳಿ ನಿಲ್ಲಿಸಿ. ನಿನ್ನಂಥ ತುಂಟರು ಅಂತ ಮಾತ್ರ ಸೇರಿಸಬೇಡಿ. ಹಾಗೆ ಸೇರಿಸುವವರನ್ನು ಕಂಡಿದ್ದೇನೆ.

ಶುಭ ಶುಕ್ರವಾರದ ಕಥೆ ಬಿಡೋಕಾಗಲ್ಲ. ಯೇಸು ಸತ್ತನು, ಸ್ನೇಹಿತರು ಅತ್ತರು, ಮೂರನೇ ದಿನ ಎದ್ದನು. ಮೊಳೆ, ರಕ್ತ ವಿವರಿಸೋಕೆ ಹೋಗಬೇಡಿ. ಮೂರನ್ನೂ ಒಂದೇ ದಿನ ಹೇಳಿ ಮುಗಿಸಿ. ಸತ್ತದ್ದು ಈ ವಾರ, ಎದ್ದದ್ದು ಮುಂದಿನ ವಾರ ಅಂತ ಮಾಡಿದರೆ ಮಗು ವಾರವಿಡೀ ಅರ್ಧ ಕಥೆ ಇಟ್ಟುಕೊಂಡು ಓಡಾಡುತ್ತದೆ.

ಇಷ್ಟು ಬಿಟ್ಟರೂ ಒಂದು ವರ್ಷಕ್ಕೆ ಸಾಲುವಷ್ಟು ಕಥೆ ಉಳಿಯುತ್ತವೆ ಅಣ್ಣಾ. ರಾತ್ರಿ ದೇವರ ಕರೆ ಕೇಳಿಸಿಕೊಂಡ ಹುಡುಗ ಸಮುವೇಲ, ಜೊಂಡಿನ ಪೆಟ್ಟಿಗೆಯಲ್ಲಿ ತೇಲಿದ ಮೋಶೆ, ಛಾವಣಿ ತೆಗೆದು ಗೆಳೆಯನನ್ನು ಯೇಸುವಿನ ಮುಂದೆ ಇಳಿಸಿದ ನಾಲ್ವರು. ಮೋಶೆಯದ್ದರಲ್ಲಿ ಪೆಟ್ಟಿಗೆಯನ್ನು ಕಾಯುತ್ತಾ ನಿಂತ ಅಕ್ಕನ ಕಡೆಯಿಂದ ಹೇಳು ತಂಗೀ. ತಮ್ಮಂದಿರನ್ನು ಎತ್ತಿಕೊಂಡು ಬರುವ ಹುಡುಗಿಯರು ಕಣ್ಣು ಮಿಟುಕಿಸದೆ ಕೇಳ್ತಾರೆ.

ಭೀಮಾ ದಂಡೆ, ಯಾದಗಿರಿ

ಆಂಟಿ, ಸುಲಭದ ಕಥೆಯಲ್ಲೂ ಸಿಕ್ಕಿಹಾಕಿಕೊಳ್ಳುತ್ತೇವೆ. ಕಳೆದುಹೋದ ಕುರಿಯ ಕಥೆ ಹೇಳಿದೆ. ನೂರರಲ್ಲಿ ಒಂದು ತಪ್ಪಿಸಿಕೊಂಡಿತು, ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನು ಹುಡುಕಿಕೊಂಡು ಹೋದ. ಒಬ್ಬ ಹುಡುಗನ ತಾತ ನಿಜವಾಗಿ ಕುರಿ ಕಾಯುವವರು. ಅವನು ಎದ್ದು ನಿಂತ. "ಉಳಿದಾವು ಯಾರ್ ನೋಡ್ತಾರ್ರೀ? ತ್ವಾಳ ಬಂದ್ರ?" ನನಗೆ ಮಾತೇ ಹೊರಡಲಿಲ್ಲ. ನಿಮ್ಮ ತಾತ ಏನು ಮಾಡ್ತಾರೆ ಅಂತ ಅವನನ್ನೇ ಕೇಳಿದೆ. ಜೊತೆಯವರಿಗೆ ಒಪ್ಪಿಸಿ ಹೋಗ್ತಾರೆ, ನಾಯಿಯೂ ಇರುತ್ತದೆ, ಸಿಕ್ಕ ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಬರ್ತಾರೆ ಅಂದ. ಆಮೇಲೆ ಆ ಕಥೆಯನ್ನು ಅವನೇ ಹೇಳಿದ, ನನಗಿಂತ ಚೆನ್ನಾಗಿ.

ಹುಡುಗ ದಾವೀದ ಕವಣೆಕಲ್ಲಿನಿಂದ ದೈತ್ಯ ಗೊಲ್ಯಾತನನ್ನು ಬೀಳಿಸಿದ ಕಥೆ ಹೇಳುವವರಿಗೆ ಮುಂಚೆಯೇ ಎಚ್ಚರಿಕೆ. ನಮ್ಮ ಕಡೆ ಜೋಳದ ಹೊಲದಲ್ಲಿ ಹಕ್ಕಿ ಓಡಿಸೋಕೆ ಕವಣೆ ಇರುತ್ತದೆ. ಕಥೆ ಕೇಳಿದ ಮುಂದಿನ ರವಿವಾರ ಒಬ್ಬ ಕವಣೆ ಹಿಡಿದೇ ಬಂದ. ಕಾಗದದ ಉಂಡೆಯಲ್ಲಿ ಗೋಡೆಯ ಗೊಲ್ಯಾತನಿಗೆ ಹೊಡೆಸಿ, ಕವಣೆಯನ್ನು ಸಂಜೆವರೆಗೆ ಎತ್ತಿಟ್ಟೆ.

ಗಿಟಾರ್ ಹುಡುಗ, ಶಹಾಪುರ

ಐದು ರೊಟ್ಟಿ ಎರಡು ಮೀನಿನ ಕಥೆಗೆ ನಾವು ನಿಜವಾದ ಜೋಳದ ರೊಟ್ಟಿ ತಂದು ಮುರಿದು ಹಂಚಿದೆವು. ಮಕ್ಕಳು ಶೇಂಗಾ ಹಿಂಡಿ ಎಲ್ಲಿ ಅಂತ ಕೇಳಿದರು.

ವಕೀಲ, ಕಲಬುರಗಿ

ಚರ್ಚೆ ಚೆನ್ನಾಗಿದೆ. ಇನ್ನೊಬ್ಬ ದೊಡ್ಡವರು ಇರಬೇಕು ಅಂತ ಆಂಟಿ ಮೊದಲೇ ಹೇಳಿದರಲ್ಲ, ಅದಕ್ಕೆ ನನ್ನದೊಂದು ಸೇರಿಸುತ್ತೇನೆ. ಅದು ಬರೀ ಅನುಕೂಲದ ವಿಷಯ ಅಲ್ಲ, ಮಕ್ಕಳ ಸುರಕ್ಷತೆ. ಯಾವ ದೊಡ್ಡವರೂ ಬಾಗಿಲು ಹಾಕಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಒಬ್ಬರೇ ಇರಬಾರದು. ಪಾಸ್ಟರ್ ಆದರೂ ಅಷ್ಟೇ, ಹಿರಿಯರಾದರೂ ಅಷ್ಟೇ. ಕ್ಲಾಸ್ ಬಾಗಿಲು ತೆರೆದೇ ಇರಲಿ. ಕರೆದುಕೊಂಡು ಬಂದವರ ಕೈಗೇ ಮಗುವನ್ನು ಒಪ್ಪಿಸಿ. ಚಿಕ್ಕಪ್ಪ ಅಂತ ಯಾರೋ ಬಂದರೆ ಮನೆಗೆ ಫೋನ್ ಮಾಡಿ ಕೇಳಿ.

ಒಂದು ಮಗು ನಿಮ್ಮ ಹತ್ತಿರ ಏನಾದರೂ ಹೇಳಿಕೊಂಡರೆ ಗದರಿಸಬೇಡಿ. ಮತ್ತೆ ಮತ್ತೆ ಕೆದಕಿ ಕೇಳಲೂಬೇಡಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲಾಗಬಹುದು. ಸಂಸ್ಥೆ ನಡೆಸುವವರು ತಮ್ಮ ಕೈಕೆಳಗಿನವರ ತಪ್ಪು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸಾಕ್ಷಿ ಹುಡುಕೋದು ನಿಮ್ಮ ಕೆಲಸ ಅಲ್ಲ. ಸಭೆಯ ಮರ್ಯಾದೆ ಅಂತ ಕಮಿಟಿಯಲ್ಲಿ ರಾಜಿ ಮಾಡಿಸೋದು ಕಾನೂನಿಗೆ ವಿರುದ್ಧ. 1098 ಮಕ್ಕಳ ಸಹಾಯವಾಣಿ, ಆ ನಂಬರ್ ಕ್ಲಾಸಿನ ಗೋಡೆ ಮೇಲೆ ಬರೆದಿಡಿ.

ಫೋಟೋ ವಿಷಯವೂ ಇದೆ. ಮಕ್ಕಳ ಫೋಟೋ ತೆಗೆದು ಸ್ಟೇಟಸ್ ಹಾಕೋ ಮೊದಲು ಮನೆಯವರನ್ನು ಕೇಳಿ. ಅಕ್ಕಪಕ್ಕದ ಬೇರೆ ಧರ್ಮದ ಮನೆಯ ಮಕ್ಕಳೂ ಹಾಡು ಕೇಳಿ ಆಟಕ್ಕೆ ಅಂತ ಬರುತ್ತಾರೆ. ಅವರ ಅಪ್ಪ-ಅಮ್ಮನ ಜೊತೆ ನೀವೇ ಹೋಗಿ ಮಾತಾಡಿ. ಅವರು ಬೇಡ ಅಂದರೆ ಬೇಡ. ಅವರಿಗೆ ಗೊತ್ತಿಲ್ಲದೆ ಮಕ್ಕಳನ್ನು ಕೂರಿಸಿಕೊಳ್ಳೋದು ಅವರಿಗೂ ಅನ್ಯಾಯ, ನಿಮಗೂ ತೊಂದರೆ.

ಸಭೆಯ ಹಿರಿಯ, ಭಾಲ್ಕಿ

ಪಾಸ್ಟರ್ ಮೇಲೂ ಅನುಮಾನ ಅಂದರೆ ಹೇಗೆ ವಕೀಲರೇ?

ವಕೀಲ, ಕಲಬುರಗಿ

ಅನುಮಾನ ಅಲ್ಲ ಹಿರಿಯರೇ. ನಿಯಮ ಎಲ್ಲರಿಗೂ ಒಂದೇ ಇದ್ದರೆ ಯಾರನ್ನೂ ಅನುಮಾನದಿಂದ ನೋಡುವ ಪ್ರಸಂಗ ಬರಲ್ಲ. ಒಳ್ಳೆಯ ಪಾಸ್ಟರಿಗೂ ಅದೇ ರಕ್ಷಣೆ.

ಎರಡು ಮಕ್ಕಳ ಅಮ್ಮ, ಕಲಬುರಗಿ

ಇದನ್ನು ನಮ್ಮ ಚರ್ಚಿನ ಕಮಿಟಿಗೆ ತೋರಿಸ್ತೀನಿ.

ಹೊಸ ಟೀಚರ್, ಕಲಬುರಗಿ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಪಾಸ್ಟರಮ್ಮನ ಜೊತೆ ಮಾತಾಡಿದೆ. ಬೇಜಾರು ಮಾಡ್ಕೊಳ್ಳಲಿಲ್ಲ, ಕ್ರಿಸ್‌ಮಸ್‌ವರೆಗೆ ಅಂದರೆ ಸ್ವಲ್ಪ ಮುಖ ಸಣ್ಣ ಮಾಡಿದರು ಅಷ್ಟೇ. ನಿವೃತ್ತ ನರ್ಸ್ ಒಬ್ಬರು ನಮ್ಮ ಸಭೆಯಲ್ಲಿದ್ದಾರೆ, ಅವರು ಪ್ರತಿ ವಾರ ನನ್ನ ಜೊತೆ ಕೂರಲು ಒಪ್ಪಿದ್ದಾರೆ. ಕ್ಲಾಸ್ ಆರಾಧನೆಗೆ ಮೊದಲು, ಮುಕ್ಕಾಲು ಗಂಟೆ. ಪರೀಕ್ಷೆ ಬಂದರೆ ಪಾಸ್ಟರಮ್ಮನೇ ನೋಡ್ಕೋತಾರಂತೆ.

ಮೊದಲ ರವಿವಾರ ಸಮುವೇಲನ ಕಥೆ ಅಂದುಕೊಂಡಿದ್ದೇನೆ. ಮಕ್ಕಳು ಕಣ್ಣು ಮುಚ್ಚಿ ಮಲಗಬೇಕು, ನಾನು ಒಬ್ಬೊಬ್ಬರ ಹೆಸರು ಕರೆದರೆ ಎದ್ದು ಓಡಿ ಬರಬೇಕು. ಎಲ್ಲರ ಹೆಸರೂ ನನಗೆ ಬಾಯಿಗೆ ಬರುತ್ತದೆ. ಮಾತಿನ ವಿಷಯ ಮಾತ್ರ ಇನ್ನೂ ಗೊಂದಲ. ಸತ್ಯವೇದದ ಕನ್ನಡವನ್ನು ಹಾಗೇ ಓದಿದರೆ ತೆಲುಗು ಮನೆಯ ಮಕ್ಕಳಿಗೆ ಏನೂ ತಿಳಿಯಲ್ಲ.

ಮಂಗಲಪೇಟೆ ಆಂಟಿ, ಬೀದರ್

ಮನೆಯಲ್ಲಿ ಆಡುವ ಹಾಗೇ ಹೇಳು. ನಡುವೆ ದಖನಿ ಬಂದರೂ ಬರಲಿ. ಬೀದರಿನಲ್ಲಿ ನಾವು ಹಾಗೆ ಹೇಳದೇ ಇದ್ದರೆ ಕ್ಲಾಸೇ ನಡೆಯಲ್ಲ. ಕೊನೆಯಲ್ಲಿ ಒಂದೇ ಒಂದು ಸಾಲನ್ನು ಪುಸ್ತಕದಿಂದ ಓದು, ಸಾಕು. ಮಲಗಿಸುವ ಆಟ ಚೆನ್ನಾಗಿದೆ. ಒಂದಿಬ್ಬರು ನಿಜವಾಗಿ ನಿದ್ದೆ ಹೋಗ್ತಾರೆ, ಎಬ್ಬಿಸಬೇಡ.

ಹೊಸ ಟೀಚರ್, ಕಲಬುರಗಿ

ಸರಿ ಆಂಟಿ. ಕೊನೇ ಪ್ರಶ್ನೆ. ಬಣ್ಣಕ್ಕೆ ಅಂತ ಸಭೆಯಿಂದ ಸ್ವಲ್ಪ ದುಡ್ಡು ಕೊಟ್ಟಿದ್ದಾರೆ. ಕ್ರೇಯಾನ್ ತರಲಾ, ಬಣ್ಣದ ಪೆನ್ಸಿಲ್ ತರಲಾ?

ಅಂಗನವಾಡಿ ಟೀಚರ್, ಹುಮನಾಬಾದ್

ನಾಲ್ಕು ವರ್ಷದವರ ಕೈಗೆ ದಪ್ಪ ಕ್ರೇಯಾನೇ ಸರಿ, ಪೆನ್ಸಿಲ್ ಮುರೀತಾರೆ, ಚುಚ್ಚಿಕೊಳ್ಳುತ್ತಾರೆ. ಒಬ್ಬೊಬ್ಬರಿಗೆ ಒಂದು ಡಬ್ಬಿ ಬೇಡ, ಎಲ್ಲ ಒಂದು ತಟ್ಟೆಗೆ ಸುರಿದು ಗುಂಪಿನ ನಡುವೆ ಇಡಿ. ಹಾಳೆಗೆ ಹಳೇ ಕ್ಯಾಲೆಂಡರ್‌ನ ಹಿಂಬದಿ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಆ ರೂಮಿನ ತಗಡಿನ ಪೆಟ್ಟಿಗೆಯಲ್ಲಿ ಇಡಬೇಡಿ, ನಮ್ಮ ಬಿಸಿಲಿಗೆ ಎಲ್ಲ ಕರಗಿ ಒಂದೇ ಮುದ್ದೆ ಆಗುತ್ತದೆ. ಮನೆಗೆ ತಗೊಂಡು ಹೋಗಿ.